ಗಾಜುಪಂಡಿತರ ಕಾರಿನಲ್ಲಿ ಮಾತಿಲ್ಲ

ಪೇಟೆಬೀದಿಯ ಕನ್ನಡಕದಂಗಡಿಯ ಯಜಮಾನರಿಗೆ ‘ಗಾಜುಪಂಡಿತರು’ ಎಂಬ ಬಿರುದು ಕೊಟ್ಟವನು ಎದುರಂಗಡಿಯ ದರ್ಜಿ. ಗೌರವದಿಂದ ಕೊಟ್ಟದ್ದಲ್ಲ. ಪಂಡಿತರು ಮಾತ್ರ ಅದನ್ನು ಗೌರವವೆಂದೇ ತಿಳಿದು ಎದೆಯುಬ್ಬಿಸಿ ಓಡಾಡುತ್ತಿದ್ದರು. ಬಲ್ಬು ಬದಲಿಸುವುದು ಹೇಗೆ, ಪಕ್ಕದ ಮನೆಯವರ ಮಗಳು ಏನು ಓದಬೇಕು, ಎಲ್ಲಕ್ಕೂ ಅವರಲ್ಲಿ ಉತ್ತರ ಸಿದ್ಧವಿತ್ತು; ಕೇಳುವವರು ಮಾತ್ರ ಯಾರೂ ಇರಲಿಲ್ಲ. ಗಿರಾಕಿಗಳು ಬಾಯಿ ತೆರೆಯಬೇಕಾದದ್ದು ಗೋಡೆಯ ಮೇಲಿನ ಅಕ್ಷರ ಓದುವುದಕ್ಕಷ್ಟೇ ಎಂಬುದು ಅವರ ಕಟ್ಟಳೆ.

ಇಂಥವರೊಡನೆ ಸಂಸಾರ ಮಾಡಿದ ಹೆಂಗಸಿಗೆ ತನ್ನದೆಂದು ಇದ್ದದ್ದು ಭಾನುವಾರದ ಕಾರಿನ ಒಂದು ಗಂಟೆ. ವಾರವಿಡೀ ಪಂಡಿತರು ಅಂಗಡಿಯಲ್ಲಿ, ಮನೆಗೆ ಬಂದರೆ ಟಿವಿಯ ಮುಂದೆ. ಊರಾಚೆ ಇರುವ ಅವಳ ಅಕ್ಕನ ಮನೆಗೆ ಹೋಗುವಾಗ ಮಾತ್ರ ಗಂಡ ನಡುವೆ ಎದ್ದು ಹೋಗುವ ಹಾಗಿರಲಿಲ್ಲ. ವಾರದ ಮಾತನ್ನೆಲ್ಲ ಕೂಡಿಟ್ಟುಕೊಂಡು ಅವಳು ಆ ಗಂಟೆಯಲ್ಲಿ ಬಿಚ್ಚುತ್ತಿದ್ದಳು: ನಲ್ಲಿ ಸೋರಿದ್ದು, ಮೇಲ್ಮನೆಯ ಮುದುಕಿ ಜಾರಿ ಬಿದ್ದದ್ದು, ತಾನು ಕಂಡ ಕನಸು. ಪಂಡಿತರು ‘ಹೂಂ’ ಅನ್ನುತ್ತಿದ್ದರು. ಆ ಹೂಂ ಒಂದಿದ್ದರೆ ಅವಳಿಗೆ ಮುಂದಿನ ಭಾನುವಾರದವರೆಗೆ ಸಾಕಾಗುತ್ತಿತ್ತು.

ಮಳೆಗಾಲ ಶುರುವಾದದ್ದೇ ಕಾರಿನ ಗಾಜುಗಳು ಒಳಗಿನಿಂದ ಮಂಜು ಕಟ್ಟತೊಡಗಿದವು. ಒರೆಸಿದಷ್ಟೂ ಮಸುಕು. ಗ್ಯಾರೇಜಿನವನನ್ನು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಗಾಜಿನ ವಿಷಯದಲ್ಲಿ ಪಂಡಿತರು ಇನ್ನೊಬ್ಬರನ್ನು ಕೇಳುವುದೆಂದರೇನು? ಹುಬ್ಬು ಗಂಟಿಕ್ಕಿ ಯೋಚಿಸಿದರು. ಉಸಿರಿನಲ್ಲಿ ಆವಿ ಇದೆ, ಮಾತಾಡಿದರೆ ಉಸಿರು ಹೆಚ್ಚು, ಕಾರಿನಲ್ಲಿ ಮಾತಾಡುವುದು ಯಾರು? ಅಪರಾಧಿ ಪಕ್ಕದಲ್ಲೇ ಕೂತಿದ್ದಳು.

ಆ ದಿನ ಅವಳು ಒಂದು ಮಾತು ಹೇಳಿದ್ದಳು. “ರೀ, ಕಾಲಡಿ ಯಾಕೋ ತಣ್ಣಗಿದೆ. ಒದ್ದೆಯಾದ ಹಾಗಿದೆ.”

“ನಿನ್ನ ಚಪ್ಪಲಿ ನೀರು ಅದು. ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೋ, ಗಾಜು ನೋಡು ಏನಾಗಿದೆ.”

ಅಲ್ಲಿಂದ ಕಾರಿನಲ್ಲಿ ಮಾತು ನಿಂತಿತು. ಅವಳು ಕೈ ಕಟ್ಟಿಕೊಂಡು, ಮೂಗಿನಲ್ಲೂ ಮೆಲ್ಲಗೆ ಉಸಿರಾಡುತ್ತ ಕೂರತೊಡಗಿದಳು. ಗಾಜು ಮಾತ್ರ ಮಂಜು ಕಟ್ಟುವುದನ್ನು ಬಿಡಲಿಲ್ಲ. ಕೆಲವು ವಾರ ಹೀಗೆ ಕಳೆದ ಮೇಲೆ ಅವಳು ಸದ್ದಿಲ್ಲದೆ ಅಕ್ಕನ ಮನೆಗೆ ಬಸ್ಸು ಹಿಡಿದಳು. ಪೀಡೆ ತೊಲಗಿತು ಎಂದುಕೊಂಡು ಪಂಡಿತರು ಒಬ್ಬರೇ ತುಟಿ ಬಿಗಿದು ಕಾರು ಓಡಿಸಿದರು. ಗಾಜು ಮೊದಲಿಗಿಂತ ಬೇಗ ಮಸುಕಾಯಿತು. ಆಗಲೂ ಈ ಮಹಾನುಭಾವರಿಗೆ ಅನುಮಾನ ಬರಲಿಲ್ಲ. ಅವಳು ಇಷ್ಟು ದಿನ ಬಿಟ್ಟ ಉಸಿರು ಸೀಟಿನಲ್ಲಿ ಉಳಿದಿರಬೇಕು ಎಂದುಕೊಂಡರು.

ಕಣ್ಣು ತೆರೆಸಿದ್ದು ರಟ್ಟಿನ ಪೆಟ್ಟಿಗೆ. ಹೊಸ ಫ್ರೇಮುಗಳ ಪೆಟ್ಟಿಗೆಯನ್ನು ಹೆಂಡತಿ ಕಾಲಿಡುತ್ತಿದ್ದ ಜಾಗದಲ್ಲಿಟ್ಟು ತಂದಿದ್ದರು. ಅಂಗಡಿಯ ಮುಂದೆ ಎತ್ತಿದಾಗ ತಳ ಕಿತ್ತುಕೊಂಡು ಬಂತು, ಫ್ರೇಮುಗಳು ರಸ್ತೆಯ ತುಂಬ ಚೆಲ್ಲಾಪಿಲ್ಲಿಯಾದವು. ದರ್ಜಿ ಮಿಷನ್ನು ನಿಲ್ಲಿಸಿ ನೋಡಿದ. ಪಂಡಿತರು ಮ್ಯಾಟು ಎತ್ತಿದರೆ ಕೆಳಗಿನ ದಪ್ಪ ಹಾಸು ನೀರು ಕುಡಿದು ಉಬ್ಬಿತ್ತು. ಒತ್ತಿದಲ್ಲೆಲ್ಲ ಜಿನುಗಿತು, ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು.

ಕೊನೆಗೆ ಗ್ಯಾರೇಜಿಗೆ ಹೋಗಲೇಬೇಕಾಯಿತು. ಬೇಸಿಗೆಯಲ್ಲಿ ಎಸಿ ಹಾಕಿದಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತೇ ಎಂದು ಗ್ಯಾರೇಜಿನವನು ಕೇಳಿದ. ಪಂಡಿತರ ಮುಖ ಸಪ್ಪಗಾಯಿತು. ಪಕ್ಕದ ಮನೆಯವರ ಕಾರು ನಿಂತಲ್ಲೆಲ್ಲ ನೀರು ಸುರಿಸುತ್ತದೆ, ನಮ್ಮದರಿಂದ ಒಂದು ಹನಿ ಬೀಳುವುದಿಲ್ಲ ಎಂದು ಬೇಸಿಗೆಯೆಲ್ಲ ಜಂಬ ಕೊಚ್ಚಿದ್ದರು. ಆ ನೀರು ಹೊರಹೋಗುವ ಕೊಳವೆ ಕೆಸರಿನಿಂದ ಕಟ್ಟಿಕೊಂಡಿತ್ತು. ಹನಿಯೆಲ್ಲ ಒಳಗಿಳಿದು ಹೆಂಡತಿಯ ಕಾಲಡಿ ಸೇರಿತ್ತು. ಸಾಲದ್ದಕ್ಕೆ ಧೂಳು ಬರುತ್ತದೆಂದು ಹೊರಗಾಳಿಯನ್ನು ಮುಚ್ಚಿಟ್ಟಿದ್ದರು, ಮಳೆ ಬಂತೆಂದು ಎಸಿಯನ್ನೂ ನಿಲ್ಲಿಸಿದ್ದರು. ಹಾಸಿನಿಂದೆದ್ದ ಆವಿಗೆ ಗಾಜಿನ ಹೊರತು ಬೇರೆ ಜಾಗವಿರಲಿಲ್ಲ. ಗ್ಯಾರೇಜಿನವನು ಕೊಳವೆಗೆ ತಂತಿ ಹಾಕಿದ, ನೀರು ಬಳಬಳನೆ ಸುರಿಯಿತು. ಹಾಸು ಕಿತ್ತು ಒಣಗಿಸಿದ, ಗಾಜಿನ ಒಳಮೈಯ ಜಿಡ್ಡು ಒರೆಸಿದ, ಮಳೆ ಬಂದರೂ ಎಸಿ ಹಾಕಿ, ಹೊರಗಾಳಿ ಬಿಟ್ಟುಕೊಳ್ಳಿ ಎಂದ.

ಭಾನುವಾರ ಪಂಡಿತರು ಕಾರು ಬಾಗಿಲಿಗೆ ತಂದು, ತಾವೇ ಕಂಡುಹಿಡಿದವರ ಹಾಗೆ ಕೊಳವೆಯ ಕಥೆ ಹೇಳಿದರು. ತಪ್ಪಾಯಿತು ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಬದಲಿಗೆ ಒಂದು ವರ ಕರುಣಿಸಿದರು.

“ಹತ್ತು. ಇನ್ಮೇಲೆ ಎಷ್ಟು ಬೇಕಾದ್ರೂ ಮಾತಾಡು.”

ಅವಳು ಕೊಡೆ ಬಿಚ್ಚುತ್ತ ನಿಂತಳು. “ಕಾಲಡಿ ಒದ್ದೆ ಅಂತ ಅವತ್ತೇ ಹೇಳಿದ್ದೆ. ಬಾಯಿ ಮುಚ್ಕೋ ಅಂದ್ರಿ. ಬಸ್ಸಲ್ಲಿ ಯಾರೂ ಹಾಗೆ ಅನ್ನಲ್ಲ ರೀ.”

ಕೋಪವೇನೂ ಇರಲಿಲ್ಲ ಆ ದನಿಯಲ್ಲಿ. ಬಸ್ಸಿಗೆ ಹೊತ್ತಾಗುತ್ತದೆ ಎಂದು ಹೊರಟೇಹೋದಳು.

ಪಂಡಿತರು ಬಿಟ್ಟಾರೆಯೇ? ಖಾಲಿ ಕಾರಿನಲ್ಲಿ ಸಿಡಿಮಿಡಿಗುಟ್ಟುತ್ತ ಅದೇ ದಾರಿ ಹಿಡಿದರು. ಮಳೆ ಜೋರಾಗಿತ್ತು. ಸಿಗ್ನಲ್ಲಿನಲ್ಲಿ ಮುಂದೆ ಬಸ್ಸು ನಿಂತಿತ್ತು. ಕಾರಿನ ಗಾಜಿನ ಮೇಲೆ ಒಂದಿಷ್ಟೂ ಮಸುಕಿಲ್ಲ, ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಬಸ್ಸಿನ ಹಿಂದಿನ ಗಾಜು ಜನರ ಉಸಿರಿಗೆ ಬೆಳ್ಳಗಾಗಿತ್ತು. ಯಾರೋ ಅಂಗೈಯಿಂದ ಅದರಲ್ಲಿ ಒಂದು ದುಂಡನೆಯ ಜಾಗ ಒರೆಸಿದ್ದರು, ಅದರೊಳಗೆ ಅವರ ಹೆಂಡತಿ ಪಕ್ಕದವಳ ಕಡೆ ತಿರುಗಿ ಕೈ ಆಡಿಸುತ್ತ ಏನೋ ಹೇಳುತ್ತಿದ್ದಳು. ಪಕ್ಕದವಳು ಬರೀ ಹೂಂ ಅನ್ನುತ್ತಿರಲಿಲ್ಲ; ಏನೋ ಕೇಳಿದಳು, ಇಬ್ಬರೂ ನಕ್ಕರು. ಅಷ್ಟು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಓಡಾಡಿದ ಪಂಡಿತರು ಈ ನಗುವನ್ನು ನೋಡಿರಲಿಲ್ಲ.

ಹಾರ್ನಿನ ಮೇಲೆ ಕೈ ಇಟ್ಟರು, ಒತ್ತಲಿಲ್ಲ. ಅಷ್ಟರಲ್ಲಿ ಬಸ್ಸಿನ ಗಾಜು ಮತ್ತೆ ಮಸುಕಾಗಿ ಅವಳ ಮುಖ ಮರೆಯಾಯಿತು. ಅವಳು ಒರೆಸಿಕೊಳ್ಳಲಿಲ್ಲ. ಹಿಂದೆ ನೋಡುವ ಕೆಲಸ ಅವಳಿಗೇನೂ ಇರಲಿಲ್ಲ.