ತಟ್ಟಿ ನೋಡದ ಸಾಕ್ಷಿ

ನಮ್ಮ ಪಕ್ಕದ ಮನೆಯವನ ಬೆರಳಿನ ಗೆಣ್ಣುಗಳಿಗೆ ಬಿಡುವೆಂಬುದೇ ಇರಲಿಲ್ಲ. ಶಹಾಬಾದಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸೀಳುವ ಕೆಲಸ ಅವನದು. ಕಲ್ಲು ತಟ್ಟಿ, ಸದ್ದು ಕೇಳಿಯೇ ಬಿರುಕು ಎಲ್ಲಿದೆ ಎಂದು ಹೇಳುತ್ತಿದ್ದ. ಅದು ಸರಿ, ಆದರೆ ನನ್ನ ಮನೆಯ ಹೊಸ ಬಾಗಿಲು, ಬೀಗರು ತಂದ ಕಲ್ಲಂಗಡಿ, ಯಾವುದನ್ನೂ ಬಿಡುತ್ತಿರಲಿಲ್ಲ. ಏನು ಕೇಳಿದರೂ ಒಂದೇ ಮಾತು: “ತಟ್ಟಿ ನೋಡದ ಹ್ಯಾಂಗ ಹೇಳ್ಲಿರಿ?”

ಒಂದು ಮಧ್ಯಾಹ್ನ ಗಣಿಯ ಮೇಲೆ ಬೆಳ್ಳಗಿನ ದುಂಡನೆಯ ವಸ್ತುವೊಂದು ಸ್ವಲ್ಪ ಹೊತ್ತು ನಿಂತು ಮಾಯವಾಯಿತು. ವಿಚಾರಣೆಗೆ ಮಿಲಿಟರಿ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಅದರ ನೇರ ಕೆಳಗೆ ನಿಂತಿದ್ದವನು ಇವನೊಬ್ಬನೇ. ಹೇಳಿಕೆ ಬರೆದುಕೊಳ್ಳುವ ಕರ್ಮ ಶಾಲೆಯ ಮಾಸ್ತರನಾದ ನನ್ನದು.

ಎಷ್ಟು ದೊಡ್ಡದಿತ್ತು? ಯಾವ ಲೋಹ? ಎಲ್ಲದಕ್ಕೂ ಅದೇ ಉತ್ತರ. ಊಟದ ಹೊತ್ತಾದರೂ ನನ್ನ ಹಾಳೆಯಲ್ಲಿ ಅವನ ಹೆಸರು ಬಿಟ್ಟು ಬೇರೇನೂ ಇರಲಿಲ್ಲ.

“ಮಾರಾಯಾ, ನಿನಗ ಕಣ್ಣ ಅದಾವೋ ಇಲ್ಲೋ?” ಎಂದು ರೇಗಿದೆ.

ಕೊನೆಗೆ ಅಧಿಕಾರಿ, ಹಿಂದಿನ ದಿನ ಗಣಿಯೆಲ್ಲ ಜಾಲಾಡಿ ಹುಡುಕಿ ತಂದಿದ್ದ ತಗಡಿನ ತುಂಡನ್ನು ಮೊಹರು ಹಾಕಿದ ಚೀಲದಿಂದ ತೆಗೆದು ಮುಂದಿಟ್ಟರು. ಇವನ ಮುಖ ಅರಳಿತು. ತಟ್ಟಿದ, ಕಿವಿಗೊಟ್ಟ. ಎದ್ದು ಹೊರಗೆ ಹೋಗಿ ಅವರ ಜೀಪನ್ನೂ ತಟ್ಟಿದ. ಹಿಂದಿನ ಚಕ್ರದ ಮೇಲಿನ ತಗಡು ಮುರಿದಿದ್ದ ಜಾಗಕ್ಕೆ ತುಂಡನ್ನು ಹಿಡಿದ. ಸರಿಯಾಗಿ ಕೂತಿತು.

“ಇದು ನಿಮ್ದೇ ಅದರಿ ಸಾಹೇಬ್ರ.”

ಅಧಿಕಾರಿ ಫೈಲು ಮುಚ್ಚಿ, ಅದೇ ಜೀಪು ಹತ್ತಿದರು. ನನಗೆ ತಡೆಯಲಾಗಲಿಲ್ಲ.

“ಹಂಗಾದ್ರ ಮ್ಯಾಲ ನಿಂತಿದ್ದು ಏನೋ?”

ಅವನು ಬೆರಳು ಮಡಚಿ, ಖಾಲಿ ಆಕಾಶದತ್ತ ತೋಳು ಚಾಚಿ ನಿಂತ.

“ಭಾಳ ಮ್ಯಾಲಿತ್ರಿ ಮಾಸ್ತರ. ಕೈ ನಿಲುಕಲಿಲ್ಲ.”