ಬಳೆ ತೊಡಿಸುತ್ತ ಕೇಳಿದ ಮಾತು

ಬೆಳಿಗ್ಗೆ ಆರೂವರೆ. ಆಳಂದದ ಮೊದಲ ಬಸ್ಸು ಮಾದನಹಿಪ್ಪರಗಾದಲ್ಲಿ ನಿಲ್ಲುತ್ತಲೇ ಚಾಂದಬೀ ಬಳೆಯ ಗಂಟನ್ನು ಹೆಗಲಿಗೇರಿಸಿ ಇಳಿಯುತ್ತಾರೆ, ಅವರ ಹಿಂದೆ ನಾನೂ. ಹೆಂಗಸರು ಹೊಲಕ್ಕೆ ಹೊರಡುವ ಮುಂಚೆ ಹಿಡಿಯಬೇಕು. ಮೊದಲ ಮನೆಯ ಕಟ್ಟೆಯ ಮೇಲೆ ಒಬ್ಬಾಕೆಯ ಕೈಗೆಣ್ಣು ಒತ್ತುತ್ತ, "ತೊಗರಿ ರಾಶಿ ಆತೇನವ್ವಾ?" ಎಂದು ಮಾತಿಗೆಳೆಯುತ್ತಾರೆ. ಮಾತಿಗೆ ಬಿದ್ದರೆ ಕೈ ಸಡಿಲಾಗುತ್ತದೆ, ಬಳೆ ಸಲೀಸಾಗಿ ಏರುತ್ತದೆ. "ಇನ್ನಾ ಎಲ್ಲಿ ಪುರಸತ್ತು?" ಎಂದು ಆಕೆ ನಗುತ್ತಾಳೆ. ಫುರ್ಸತ್ ಹೀಗೆ ಪುರಸತ್ತು ಆದದ್ದನ್ನು ಕೇಳಿ ಚಾಂದಬೀ ಕೂಡ ನಗುತ್ತಾರೆ.

ಅವರಿಗೀಗ ಐವತ್ತೆಂಟು. ಗಂಡನಿಗೆ ಬೆನ್ನುನೋವು ಹಿಡಿದ ಮೇಲೆ ಗಂಟು ಇವರ ಹೆಗಲಿಗೆ ಬಂತು, ಇಪ್ಪತ್ತಾರು ವರ್ಷವಾಯಿತು. ದಿನಕ್ಕೆ ಹದಿನೈದು ಮನೆ. ಬಸ್ಸಿನ ನೂಕುನುಗ್ಗಲಲ್ಲಿ ಒಡೆಯುವ ಬಳೆಗಳಿಗೆ ಲೆಕ್ಕವಿಲ್ಲ. ಮನೆಯಲ್ಲಿ ಆಡುವುದು ದಖನಿ ಉರ್ದು, ವ್ಯಾಪಾರಕ್ಕೆ ಕನ್ನಡ. ಹಾಗಾಗಿ ತಮ್ಮ ಮನೆಮಾತು ಊರವರ ಬಾಯಲ್ಲಿ ಹೇಗೆ ಬದಲಾಗುತ್ತದೆ ಎಂಬುದು ಅವರ ಕಿವಿಗೆ ತಟ್ಟನೆ ಬೀಳುತ್ತದೆ.

"ನಮ್ಮನ್ಯಾಗ ನಜರ್, ಇಲ್ಲಿ ನದರ. ನಮ್ದು ಸಾಫ್, ಇವರ್ದು ಸಾಪ. ನಮ್ಮ ಮಾತು ಇವರ ಮನಿಗೆ ಸೊಸಿ ಆಗಿ ಬಂದದ್ರಿ, ಇಲ್ಲೀ ಸೀರಿ ಉಟ್ಟದ."

ನಾಲ್ಕು ವರ್ಷದ ಹಿಂದೆ ಇದನ್ನು ಕೇಳಿದ ಆಳಂದದ ಶಿಕ್ಷಕಿ ಶಾಂಭವಿ, "ಕೇಳಿದ್ದೆಲ್ಲಾ ಬರದಿಡ್ರಿ, ಪುಸ್ತಕ ಮಾಡೋಣು" ಎಂದರು. ಏಳನೇ ಕ್ಲಾಸು ಓದಿದ ಚಾಂದಬೀ ಬಳೆ ಡಬ್ಬಿಯ ರಟ್ಟು ಕತ್ತರಿಸಿ, ರಟ್ಟಿಗೊಂದು ಮಾತು, ಆಡಿದವರ ಹೆಸರು, ಊರು ಬರೆದರು. ಎರಡು ವರ್ಷಕ್ಕೆ ಮುನ್ನೂರ ನಲವತ್ತು ರಟ್ಟು. ಅಷ್ಟೂ ದಂಡ! ಜನ ನದರ ಎಂದಿದ್ದರೆ ಇವರು ನಜರ್ ಎಂದು ಬರೆದಿದ್ದರು.

"ನನ್ನ ನಂಬಿ ಕೈ ಕೊಟ್ಟೋರ್ರಿ. ಅವರ ತಪ್ಪು ನಾ ಮಂದಿಗಿ ತೋರಸ್ಲೇನು? ಅದಕ ತಿದ್ದಿ ಬರದೆ."

ಅದು ತಪ್ಪೇ ಅಲ್ಲ, ಬೇಕಾಗಿದ್ದದ್ದೇ ಅದು ಎಂದು ಶಾಂಭವಿ ಹೇಳಿದಾಗ ಚಾಂದಬೀ ಅತ್ತುಬಿಟ್ಟರಂತೆ. ಇಂಥ ಮರ್ಯಾದಸ್ಥೆಯನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ. ಕಣ್ಣೊರೆಸಿಕೊಂಡು ಮೊದಲ ಮನೆಯಿಂದ ಮತ್ತೆ ಶುರು ಮಾಡಿದರು.

ಈಗ ಒಂದೇ ರಟ್ಟು ಬಾಕಿ. ಮುಂದಿನ ವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ. ಬಾಕಿ ಇರುವ ಮಾತು ಹಕೀಕತ್, ಅಂದರೆ ಸಮಾಚಾರ. ಇದೇ ಊರಿನ ಎಂಬತ್ತೈದರ ಮಾಳಮ್ಮ ಅದನ್ನು ತಮ್ಮದೇ ರೀತಿಯಲ್ಲಿ ಆಡುತ್ತಿದ್ದರು. ಹೇಗೆ ಎಂಬುದು ಚಾಂದಬೀಗೆ ಮರೆತುಹೋಗಿದೆ. ಮಾಳಮ್ಮನ ಗಂಡ ತೀರಿ ಎರಡು ವರ್ಷ. ಬಳೆ ಇಳಿಸಿದವರ ಬಾಗಿಲಿಗೆ ಬಳೆಗಾರ್ತಿ ಹೋಗುವ ರೂಢಿಯಿಲ್ಲ.

"ಗಂಟು ನೋಡಿ ಅಕಿ ಮನಸ್ಸಿಗಿ ನೋವಾದ್ರ?" ಎನ್ನುತ್ತಾ ಚಾಂದಬೀ ಗಂಟನ್ನು ಪಕ್ಕದ ಮನೆಯಲ್ಲಿಟ್ಟು ಬರಿಗೈಲಿ ಒಳಗೆ ಹೋಗುತ್ತಾರೆ. ಅಂಗಳದಲ್ಲಿ ಕುಳಿತ ಮಾಳಮ್ಮ ದಿಟ್ಟಿಸಿ ನೋಡುತ್ತಾರೆ.

"ಗಂಟು ಎಲ್ಲಿಟ್ಟು ಬಂದಿ ಬೇ? ಬಳಿ ಹೋದ್ರೇನಾತು, ಕೈ ಅದಾವಲ್ಲ. ಹಿಡಿ."

ಚಾಂದಬೀ ಆ ಬೋಳು ಕೈ ಹಿಡಿದು, ಬಳೆ ಏರಿಸುವವರ ಹಾಗೆಯೇ ಒಂದೊಂದೇ ಗೆಣ್ಣು ಒತ್ತುತ್ತಾರೆ. ಮುದುಕಿ ಕಣ್ಣು ಮುಚ್ಚುತ್ತಾರೆ.

"ಎರಡು ವರ್ಷಾತು, ಈ ಕೈ ಯಾರೂ ಹಿಡಿದಿಲ್ಲ. ಏನ್ ಹಕೀಗತ್ತು ನಿಂದು, ಹೇಳು."

ಮಾತು ಸಿಕ್ಕಿತು. ಆದರೆ ಚಾಂದಬೀ ಏಳುವುದಿಲ್ಲ. ಹೊಲದ ಹೆಂಗಸರೆಲ್ಲ ಹೊರಟುಹೋಗುತ್ತಾರೆ, ಆ ಹೊತ್ತಿನ ವ್ಯಾಪಾರ ಮುಗಿಯುತ್ತದೆ. ಇವರಿಬ್ಬರ ಮಾತು ಮುಗಿಯುವುದಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ರಟ್ಟು ತೊಡೆಯ ಮೇಲಿಟ್ಟು ಬರೆಯುತ್ತಾರೆ: ಹಕೀಗತ್ತು, ಮಾಳಮ್ಮ, ಮಾದನಹಿಪ್ಪರಗಾ. ನನ್ನ ಕಡೆ ಹಿಡಿದು ತೋರಿಸುತ್ತಾರೆ.

"ಒಂದಕ್ಷರನೂ ತಿದ್ದಿಲ್ಲ ನೋಡ್ರಿ. ಪುಸ್ತಕದಾಗ ನನ್ನ ಹೆಸರು ಬ್ಯಾಡ, ಅವರ ಹೆಸರು ಇದ್ರ ಸಾಕು." ರಟ್ಟನ್ನು ಗಂಟಿನೊಳಗೆ ಸೇರಿಸುತ್ತಾರೆ. "ಬರೋ ಸೋಮಾರ ಮತ್ತ ಬರ್ತೇನಿ. ಇನ್ನ ಮಾಳಮ್ಮನ ಮನಿ ಬಿಟ್ಟು ಮುಂದ ಹೋಗಾಂಗಿಲ್ರಿ."