ತಾರೀಕಿನ ಕೆಳಗಿನ ಚುಕ್ಕಿ

ಸರ್ಕಾರಿ ಕಚೇರಿಯ ಮೆಟ್ಟಿಲ ಬುಡದಲ್ಲಿ ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿದವನನ್ನು ಊರೆಲ್ಲ ಟೈಪಿಸ್ಟ್ ಮಾವ ಅಂತಲೇ ಕರೆಯುತ್ತಿತ್ತು. ಅವನು ಬರೆದ ಅರ್ಜಿ ತಿರುಗಿ ಬಂದದ್ದು ಕಡಿಮೆ. ಬರುವುದಾದರೂ ಹೇಗೆ? ಗುಮಾಸ್ತನ ಕೈ ಬೆಚ್ಚಗೆ ಮಾಡಲು ಒಪ್ಪಿದ ಗಿರಾಕಿಯ ಅರ್ಜಿಯಲ್ಲಿ ತಾರೀಕಿನ ಕೆಳಗೆ ಒಂದು ಪೆನ್ಸಿಲ್ ಚುಕ್ಕಿ ಇಡುತ್ತಿದ್ದ. ಒಳಗಿನ ಗುಮಾಸ್ತನಿಗೆ ಅಷ್ಟೇ ಸಾಕು.

ಇಂಥವನ ಹತ್ತಿರ ಅದೇ ಬೀದಿಯ ನರ್ಸಮ್ಮ ಬಂದು, "ಮಾವ, ಲಂಚದ ವಿರುದ್ಧ ಪಕ್ಷ ಕಟ್ತಿದೀವಿ, ನೋಂದಣಿ ಅರ್ಜಿ ಟೈಪ್ ಮಾಡ್ಕೊಡಿ" ಎಂದಾಗ ಅವನಿಗೆ ಮೊದಲು ನಗು ಬಂತು. ಆಮೇಲೆ ಅದೇನು ಹೊಳೆಯಿತೋ, ಸ್ಥಾಪಕ ಸದಸ್ಯರ ಪಟ್ಟಿಯ ಕೊನೆಯಲ್ಲಿ ತನ್ನ ಹೆಸರನ್ನೂ ಕುಟ್ಟಿದ. "ಅಂತೂ ಈ ವಯಸ್ಸಲ್ಲಿ ಬುದ್ಧಿ ಬಂತಾ?" ಎಂದು ಹೆಂಡತಿ ಕೆಣಕಿದಳು, ಕೆಣಕುತ್ತಲೇ ಇಸ್ತ್ರಿ ಮಾಡಿದ ಅಂಗಿ ತೆಗೆದುಕೊಟ್ಟಳು.

ಅರ್ಜಿ ಸಲ್ಲಿಸುವ ಕೊನೆಯ ದಿನ ಇಬ್ಬರೂ ಕಚೇರಿಗೆ ಹೋದರು. ಸಾಲು ಬಾಗಿಲಾಚೆಗೂ ಬೆಳೆದಿತ್ತು. ಎಲ್ಲರ ಕಾಗದ ನೋಡುತ್ತಾ ಬಂದ ಗುಮಾಸ್ತ ಇವರದನ್ನು ಕಂಡದ್ದೇ, "ಅಯ್ಯೋ, ನೀವ್ಯಾಕೆ ನಿಂತಿದೀರಿ? ಒಳಗೆ ಬನ್ನಿ, ಕೂತ್ಕೊಳಿ" ಎಂದ.

"ನೋಡಿದ್ರಾ ಮಾವ, ಪಕ್ಷಕ್ಕೆ ಈಗಲೇ ಎಷ್ಟು ಮರ್ಯಾದೆ!" ನರ್ಸಮ್ಮ ಹಿಗ್ಗಿದಳು.

ಮಾವ ಅರ್ಜಿಯತ್ತ ಬಗ್ಗಿ ನೋಡಿದ. ತಾರೀಕಿನ ಕೆಳಗೆ ಚುಕ್ಕಿ! ಹಾಳು ಕೈ, ಅಭ್ಯಾಸಬಲದಿಂದ ಇಟ್ಟುಬಿಟ್ಟಿದೆ. ಬಾಯಿ ಮುಚ್ಚಿಕೊಂಡಿದ್ದರೆ ಐದು ನಿಮಿಷದಲ್ಲಿ ಮೊಹರು ಬೀಳುತ್ತಿತ್ತು, ಪಕ್ಷ ಹುಟ್ಟುತ್ತಿತ್ತು. ಆದರೆ ಹಾಗೆ ಹುಟ್ಟಿಸಿಕೊಂಡು ಯಾವ ಮುಖ ಹೊತ್ತು ಓಡಾಡುವುದು?

"ಇದು ಮರ್ಯಾದೆ ಅಲ್ಲಮ್ಮ" ಎಂದವನೇ ಸಾಲಿಗೆಲ್ಲ ಕೇಳುವಂತೆ ಚುಕ್ಕಿಯ ಗುಟ್ಟು ಒದರಿಬಿಟ್ಟ. ಜೇಬಿನಿಂದ ರಬ್ಬರ್ ತೆಗೆದು ಉಜ್ಜಿದ. "ನನ್ನ ಹೆಸರು ಹೊಡೆದುಹಾಕಿ."

ನರ್ಸಮ್ಮ ಅವನನ್ನೇ ದುರುಗುಟ್ಟಿ ನೋಡಿದಳು. "ಹೊಡೆದ್ರೆ ಇಡೀ ಅರ್ಜಿ ಮತ್ತೆ ನೀವೇ ಟೈಪ್ ಮಾಡ್ಬೇಕು. ಅಷ್ಟೊತ್ತಿಗೆ ಕಚೇರಿ ಮುಚ್ಚಿರುತ್ತೆ. ಸುಮ್ನೆ ಬನ್ನಿ, ಸಾಲಿನ ಕೊನೆಗೆ ಹೋಗೋಣ."

ಅಷ್ಟರಲ್ಲಿ ಸಾಲಿನ ಅರ್ಧ ಜನ ತಂತಮ್ಮ ಅರ್ಜಿ ಬಿಡಿಸಿ ನೋಡಿಕೊಳ್ಳುತ್ತಿದ್ದರು. "ಆ ರಬ್ಬರ್ ಇಲ್ಲಿ ಕೊಡಪ್ಪ" ಎಂದಳು ಒಬ್ಬ ಮುದುಕಿ. ಅದು ಕೈಯಿಂದ ಕೈಗೆ ಹೋಯಿತು. ಗುಮಾಸ್ತನ ಮುಖ ಇಂಗು ತಿಂದ ಮಂಗನಂತಾಗಿತ್ತು.

ಐದು ಹೊಡೆಯಿತು. ಇವರ ಸರದಿ ಬರುವ ಹೊತ್ತಿಗೆ ಸರಿಯಾಗಿ ಗುಮಾಸ್ತ ಕಿಟಕಿ ಮುಚ್ಚಲು ಕೈ ಹಾಕಿದ. ಕೆಲಸ ಮುಗಿದವರು ಒಬ್ಬರೂ ಮನೆಗೆ ಹೋಗಿರಲಿಲ್ಲ. ಸುತ್ತಲೂ ನಿಂತು ನೋಡುತ್ತಿದ್ದರು.

"ಇನ್ನೊಂದು ಅರ್ಜಿ ಇದೆಯಲ್ಲಪ್ಪ, ತಗೋ" ಎಂದಳು ಮುದುಕಿ.

ಗುಮಾಸ್ತ ತೆಗೆದುಕೊಂಡ.